ಮಸಾಯಿ ಮಾರಾನಾ, ಸೆರೆಂಗೆಟಿನಾ?

ಆಫ್ರಿಕಾ ಸಫಾರಿ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ನನಗನಿಸೋದು, ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಬೇಕು. ಯಾಕೆಂದರೆ ಎರಡೂ ಒಂದೇ ಹುಲ್ಲುಗಾವಲು, ನಡುವೆ ಕೀನ್ಯಾ-ತಾಂಜಾನಿಯಾ ಗಡಿ ಅಷ್ಟೇ. ಇಲ್ಲಿ ಹಿಂಡುಹಿಂಡಾಗಿ ಅಲೆಯುವ ವೈಲ್ಡ್‌ಬೀಸ್ಟ್‌ಗಳಿಗೆ (ದನದಂತೆ ಕಾಣುವ ದೊಡ್ಡ ಜಿಂಕೆಯಂಥ ಪ್ರಾಣಿ) ವೀಸಾ ಬೇಡ ಅಲ್ವಾ? ಮಳೆ ಬಿದ್ದ ಕಡೆ ಹೋಗುತ್ತಲೇ ಇರುತ್ತವೆ.

ಸುಮಾರು ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾ ನದಿ ದಾಟುವ ಕಾಲ. ಟಿವಿಯಲ್ಲಿ ನೋಡುವ ಮೊಸಳೆ ದೃಶ್ಯ ಅದೇ. ದಡದಲ್ಲಿ ಸಾಲುಗಟ್ಟಿ ನಿಂತ ಜೀಪುಗಳನ್ನು ಮಾತ್ರ ಟಿವಿಯವರು ತೋರಿಸುವುದಿಲ್ಲ.

ನನ್ನ ಓಟು ಫೆಬ್ರವರಿಗೆ. ಆಗ ದಕ್ಷಿಣ ಸೆರೆಂಗೆಟಿ ಕಡೆಯ ಬಯಲಲ್ಲಿ ಅವು ಮರಿ ಹಾಕುತ್ತವೆ. ಮೈ ಇನ್ನೂ ಒದ್ದೆ, ಕಾಲು ಗಡಗಡ. ಎರಡು ಸಲ ಮುಗ್ಗರಿಸಿ, ಕೆಲವೇ ನಿಮಿಷದಲ್ಲಿ ಎದ್ದು ತಾಯಿಯ ಹಿಂದೆ ಓಡಲೇಬೇಕು. ಚೀತಾ, ಕತ್ತೆಕಿರುಬ ಅಲ್ಲೇ ಸುತ್ತಾಡುತ್ತಿರುತ್ತವೆ.

ಕಪ್ಪು ಖಡ್ಗಮೃಗ ನೋಡಬೇಕಾದರೆ ಸೆರೆಂಗೆಟಿ ಪಕ್ಕದ ಗೊರೊಂಗೊರೊ ಎಂಬ ಹಳೆಯ ಜ್ವಾಲಾಮುಖಿಯ ಕುಳಿಗೆ ಇಳಿಯಬೇಕು. ಅಲ್ಲಿ ಜಿರಾಫೆ ಮಾತ್ರ ಇಲ್ಲ. ಕಿಲಿಮಂಜಾರೋ ಹಿನ್ನೆಲೆಯಲ್ಲಿ ಆನೆ ಬೇಕಾದರೆ ಕೀನ್ಯಾದ ಅಂಬೊಸೆಲಿ. ಹುಲಿ ಬೇಕು ಅನ್ನುವವರು ಸುಮ್ನೆ ನಾಗರಹೊಳೆಗೆ ಹೋಗಿ, ಆಫ್ರಿಕಾದ ಕಾಡಲ್ಲಿ ಹುಲಿಯೇ ಇಲ್ಲ.

ಗೊರಿಲ್ಲಾ ಆಸೆ ಇದ್ದರೆ ದಾರಿಯೇ ಬೇರೆ, ಉಗಾಂಡಾ ಅಥವಾ ರುವಾಂಡಾ. ರುವಾಂಡಾದಲ್ಲಿ ಒಂದು ಗಂಟೆ ನೋಡಲು ಪರ್ಮಿಟ್ಟೇ 1,500 ಡಾಲರ್. ಅದನ್ನು ರೂಪಾಯಿಗೆ ಲೆಕ್ಕ ಹಾಕಿ, ಫೋನ್ ಪಕ್ಕಕ್ಕಿಟ್ಟೆ.