ಫ್ಲೀಸ್ ಇನ್‌ಗೆ ಹೋದರೆ ಒಲೆಯ ಮುಂದಿನ ನೆಲ ನೋಡಿ

ಇಂಗ್ಲೆಂಡಿನ ಹಳ್ಳಿ ಪಬ್ ನೋಡಬೇಕು, ಅದೂ ಹುಲ್ಲಿನ ಮಾಡಿನದ್ದು ಅಂತ ಆಸೆ ಇರುವವರು ವುಸ್ಟರ್‌ಶೈರ್‌ನ ಬ್ರೆಟ್‌ಫರ್ಟನ್ ಹಳ್ಳಿಯ ಫ್ಲೀಸ್ ಇನ್‌ಗೆ ಹೋಗಿ. ಕುಡಿಯದವರೂ ಹೋಗಬಹುದು. ನಾನು ಕುಡಿದದ್ದು ಬರೀ ಆಪಲ್ ಜ್ಯೂಸ್.

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಈವ್‌ಶಮ್‌ಗೆ ರೈಲು, ಹೆಚ್ಚುಕಡಿಮೆ ಎರಡು ಗಂಟೆ. ಅಲ್ಲಿಂದ ಆರೇಳು ಕಿಲೋಮೀಟರ್ ಟ್ಯಾಕ್ಸಿ. ವಾಪಸ್ ಬರುವ ಟ್ಯಾಕ್ಸಿಯನ್ನೂ ಆಗಲೇ ಹೇಳಿಟ್ಟುಬಿಡಿ. ನಾನು ಹೇಳದೆ ಹೋಗಿ ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತೆ.

ಫ್ಲೀಸ್ ಮೊದಲು ಪಬ್ಬೇ ಅಲ್ಲ. 15ನೇ ಶತಮಾನದಲ್ಲಿ ಕಟ್ಟಿದ ರೈತನ ಮನೆ. ಜನ, ದನ ಎಲ್ಲ ಒಂದೇ ಸೂರಿನ ಕೆಳಗೆ. ನಮ್ಮಜ್ಜಿ ಮನೆಯ ಕೊಟ್ಟಿಗೆ ನೆನಪಾಯಿತು. ಗೋಡೆಯೂ ಗುರುತಿನದ್ದೇ: ಮರದ ಚೌಕಟ್ಟು, ನಡುವೆ ತಡಿಕೆ ಹೆಣೆದು ಮಣ್ಣು ಮೆತ್ತಿದ್ದು. ಮಾಡು ಮಾತ್ರ ಪೂರ್ತಿ ಹುಲ್ಲಲ್ಲ, ಕೆಲವು ಕಡೆ ಕಲ್ಲಿನ ಹಂಚಿದೆ. ಫೋಟೋ ನೋಡಿ ಹೋದವರಿಗೆ ಸ್ವಲ್ಪ ನಿರಾಸೆ ಆಗಬಹುದು.

1848ರಲ್ಲಿ ಇದು ಪಬ್ ಆಯಿತು. ಮನೆ ಕಟ್ಟಿದ ರೈತನ ಮನೆತನದ ಕೊನೆಯ ಒಡತಿ ಲೋಲಾ ಟ್ಯಾಪ್ಲಿನ್ 1977ರಲ್ಲಿ ತೀರಿಕೊಂಡರು. ಪಬ್ಬನ್ನು ನ್ಯಾಷನಲ್ ಟ್ರಸ್ಟ್‌ಗೆ, ಅಂದರೆ ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಗೆ, ಬರೆದಿಟ್ಟಿದ್ದರು. ಒಳಗಿನ ಕೋಣೆಗಳ ಹೆಸರು ಕೇಳಿದರೆ ಹಳೇ ಕೆಲಸ ಗೊತ್ತಾಗುತ್ತದೆ. ಬ್ರೂಹೌಸ್ ಅಂದರೆ ಬಿಯರ್ ಕಾಯಿಸುತ್ತಿದ್ದ ಜಾಗ. ತವರದ ಹಳೇ ತಟ್ಟೆಗಳನ್ನು ಸಾಲಾಗಿ ಜೋಡಿಸಿಟ್ಟ ಪ್ಯೂಟರ್ ರೂಮಿನಲ್ಲೇ ಕೂರಿ. ಬಾಗಿಲು ತಗ್ಗು, ತಲೆ ಜೋಪಾನ.

ಕೂತ ಮೇಲೆ ಒಲೆಯ ಮುಂದೆ ಬಗ್ಗಿ ನೋಡಿ. ಕಲ್ಲಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಬಿಳೀ ವೃತ್ತಗಳಿವೆ. ಮಾಟಗಾತಿಯರು ಚಿಮಣಿಯಿಂದ ಇಳಿದು ಬರಬಾರದು ಅಂತ. ನಮ್ಮಲ್ಲಿ ಹೊಸ ಮನೆಗೆ ಬೂದುಗುಂಬಳಕಾಯಿ ಕಟ್ಟುತ್ತೇವೆ, ಅಲ್ವಾ? ಅದೇ ಲೆಕ್ಕ. ಮಾಟಗಾತಿಯರು ಬಂದರೋ ಇಲ್ಲವೋ, 2004ರಲ್ಲಿ ಚಿಮಣಿಯಿಂದಲೇ ಹಾರಿದ ಕಿಡಿಗೆ ಹುಲ್ಲಿನ ಮಾಡು ಹೊತ್ತಿಕೊಂಡಿತು. ಕೆಳಗಿನ ಕೋಣೆಗಳೂ ತಟ್ಟೆಗಳೂ ಬಹಳಮಟ್ಟಿಗೆ ಉಳಿದವು. ಮಾಡು ಮತ್ತೆ ಕಟ್ಟಿ 2005ರಲ್ಲಿ ಬಾಗಿಲು ತೆರೆದರು. ಹೊರಗೆ ನಿಂತು ನೋಡಿದರೆ ಸುಟ್ಟದ್ದು ಎಲ್ಲಿ ಅಂತ ನನಗೆ ಗೊತ್ತೇ ಆಗಲಿಲ್ಲ.

ಹೋಗುವುದಾದರೆ ಏಪ್ರಿಲ್ ಕೊನೆಯಿಂದ ಜೂನ್ ನಡುವೆ ಹೋಗಿ, ಅದು ಆ ಕಡೆ ಆಸ್ಪರಾಗಸ್ ಅನ್ನುವ ಎಳೆ ಚಿಗುರಿನ ತರಕಾರಿಯ ಕಾಲ. ಸಸ್ಯಾಹಾರಿಗಳಿಗೆ ಚಿಪ್ಸ್ ಒಂದೇ ಗತಿ ಅನ್ನುವ ಪಾಡು ಆಗ ಇರುವುದಿಲ್ಲ. ವಾರದ ದಿನ, ಮಧ್ಯಾಹ್ನದ ಊಟದ ಗಲಾಟೆ ಶುರುವಾಗುವ ಮೊದಲೇ ಒಳಗಿರಿ. ಮೇಜಿಗೆ ಯಾರೂ ಬರುವುದಿಲ್ಲ, ಬಾರ್ ಹತ್ತಿರ ನೀವೇ ಹೋಗಿ ಹೇಳಬೇಕು. ನಾನು ಸುಮ್ನೆ ಹತ್ತು ನಿಮಿಷ ಕಾದೆ.