ಮೈಯರ್ಸ್‌ಡೇಲ್‌ನಿಂದ ಕಂಬರ್‌ಲ್ಯಾಂಡ್‌ಗೆ: ಹಳೆಯ ರೈಲುದಾರಿಯಲ್ಲಿ ಒಂದು ದಿನದ ಸೈಕಲ್ ಪಯಣ

ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್‌ವರೆಗೆ ಸುಮಾರು 240 ಕಿಲೋಮೀಟರ್ ಸಾಗುವ ‘ಗ್ರೇಟ್ ಅಲೆಗೇನಿ ಪ್ಯಾಸೇಜ್’ ಹಾದಿಯ ಬಹುಭಾಗ ಹಿಂದೆ ರೈಲು ಓಡಿದ ದಾರಿಯೇ. ನಾವು ಸಾಗಿದ ಭಾಗದಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ ಸಂಚಾರ 1975ರಲ್ಲಿ ನಿಂತಿತು. ಇಡೀ ಹಾದಿ ಪೂರ್ಣಗೊಂಡದ್ದು 2013ರಲ್ಲಿ. ಅಷ್ಟು ಬಿಡುವಿಲ್ಲದವರು ಮೈಯರ್ಸ್‌ಡೇಲ್‌ನಿಂದ ಕಂಬರ್‌ಲ್ಯಾಂಡ್‌ವರೆಗಿನ 51 ಕಿಲೋಮೀಟರನ್ನಾದರೂ ಕ್ರಮಿಸಬೇಕು.

ದಿಕ್ಕನ್ನು ಮಾತ್ರ ಸರಿಯಾಗಿ ಆರಿಸಿಕೊಳ್ಳಿ. ಮೊದಲ ಸಲ ನಾವು ಕಂಬರ್‌ಲ್ಯಾಂಡ್‌ನಿಂದ ಹೊರಟು, ಮಕ್ಕಳನ್ನು ವೃಥಾ ದಣಿಸಿದೆವು. ರೈಲಿಗಾಗಿ ಕಡಿದ ದಾರಿಯಾದ್ದರಿಂದ ಏರು ನೂರಕ್ಕೆ ಎರಡಡಿಯನ್ನೂ ಮೀರುವುದಿಲ್ಲ. ಆದರೆ ಅದು 38 ಕಿಲೋಮೀಟರ್ ಬಿಡದೆ ಏರುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಆ ಏರು ತೊಡೆಗಳಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಎರಡನೆಯ ಸಲ ಕಾರನ್ನು ಕಂಬರ್‌ಲ್ಯಾಂಡ್‌ನಲ್ಲಿ ನಿಲ್ಲಿಸಿ, ಸೈಕಲ್‌ಗಳನ್ನೂ ಒಯ್ಯುವ ಬಾಡಿಗೆ ವ್ಯಾನಿನಲ್ಲಿ ಮೈಯರ್ಸ್‌ಡೇಲ್‌ಗೆ ಹೋದೆವು. ವ್ಯಾನನ್ನು ಮುಂಚಿತವಾಗಿ ಕಾಯ್ದಿರಿಸಿಕೊಳ್ಳಿ.

ಅಲ್ಲಿಂದ 13 ಕಿಲೋಮೀಟರ್ ಹದವಾದ ಏರು ಮುಗಿದಾಗ ಹಾದಿಯ ನೆತ್ತಿ ಸಿಗುತ್ತದೆ: ಸಮುದ್ರಮಟ್ಟದಿಂದ 2,392 ಅಡಿ. ಪಶ್ಚಿಮಕ್ಕೆ ಬಿದ್ದ ಮಳೆ ಒಹಾಯೋ, ಮಿಸಿಸಿಪಿ ನದಿಗಳ ಮೂಲಕ ಮೆಕ್ಸಿಕೋ ಕೊಲ್ಲಿಯನ್ನು ಸೇರಿದರೆ, ಪೂರ್ವಕ್ಕೆ ಬಿದ್ದದ್ದು ಪೊಟೊಮ್ಯಾಕ್ ಹಿಡಿದು ಅಟ್ಲಾಂಟಿಕ್‌ನತ್ತ ಹರಿಯುತ್ತದೆ. ನಮ್ಮ ಬಿಸಿಲೆಯ ಬಳಿ ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ನೀರು ಕವಲೊಡೆಯುವ ಜಾಗವನ್ನು ಕಂಡವರಿಗೆ ಇಲ್ಲಿ ನಿಲ್ಲದೆ ಮುಂದೆ ಹೋಗಲಾಗದು.

ಅನಂತರ ಬರುವುದು ಸುಮಾರು ಒಂದು ಕಿಲೋಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗ. ಒಳಗೆ ದೀಪಗಳಿದ್ದರೂ ಸೈಕಲ್ ದೀಪ ನಿಮ್ಮಲ್ಲಿರಲಿ. ಬಿಸಿಲಿನಿಂದ ಒಳಹೊಕ್ಕ ಕೂಡಲೇ ಕೈಬೆರಳುಗಳು ಬ್ರೇಕಿನ ಮೇಲೆ ಮರಗಟ್ಟುವಷ್ಟು ತಣ್ಣಗಿರುತ್ತದೆ, ಆದ್ದರಿಂದ ತೆಳುವಾದ ಜಾಕೆಟ್ ಬೇಕೇ ಬೇಕು. ಆಚೆಯ ಬಾಯಿಂದ ಹೊರಬಂದೊಡನೆ ಮಡಿಕೆ ಮಡಿಕೆಯಾಗಿ ಬೆಟ್ಟಗಳು ತೆರೆದುಕೊಂಡಾಗ ನನ್ನ ಮಗಳು ಸೈಕಲ್ಲನ್ನು ಬೇಲಿಗೆ ಒರಗಿಸಿ, ಬಹಳ ಹೊತ್ತು ಮಾತನ್ನೇ ಆಡಲಿಲ್ಲ. ಚಳಿಗಾಲದಲ್ಲಿ, ಸಾಮಾನ್ಯವಾಗಿ ಡಿಸೆಂಬರಿನಿಂದ ಏಪ್ರಿಲ್ ಮೊದಲ ವಾರದವರೆಗೆ, ಸುರಂಗದ ಬಾಗಿಲುಗಳನ್ನು ಮುಚ್ಚಿರುತ್ತಾರೆ. ಅಕ್ಟೋಬರಿನಲ್ಲಿ ಎಲೆಗಳು ಕೆಂಪೇರಿರುವಾಗ ಹೋಗುವುದು ಉತ್ತಮ.

ಮುಂದಿನದು ಇಳಿಜಾರು. ನೆಲಕ್ಕೆ ಸುಣ್ಣಕಲ್ಲಿನ ಪುಡಿ ಹಾಸಿರುವುದರಿಂದ ತಿರುವುಗಳಲ್ಲಿ ಒಮ್ಮೆಲೇ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಊಟಕ್ಕೆ ಫ್ರಾಸ್ಟ್‌ಬರ್ಗ್ ಇದೆಯಾದರೂ ಊರು ಹಾದಿಗಿಂತ ಮೇಲಿದ್ದು, ಸುತ್ತುದಾರಿಯಲ್ಲಿ ಹತ್ತಬೇಕು. ನಾವು ಕಟ್ಟಿಕೊಂಡು ಹೋಗಿದ್ದ ಚಪಾತಿಯೇ ಸಾಕಾಯಿತು. ಇಲ್ಲಿಂದ ಪ್ರವಾಸಿ ರೈಲಿನ ಹಳಿ ಜೊತೆಗೇ ಬರುತ್ತದೆ. ಬ್ರಷ್ ಸುರಂಗದಲ್ಲಿ ರೈಲಿಗೂ ಸೈಕಲ್ಲಿಗೂ ಒಂದೇ ದಾರಿಯಾದ್ದರಿಂದ, ರೈಲಿನ ಸದ್ದು ಕೇಳಿದರೆ ಹೊರಗೇ ನಿಂತು, ಹೊಗೆ ಪೂರ್ತಿ ಕರಗಿದ ಮೇಲೆ ಒಳಗೆ ಹೋಗಿ.