ಚುಕ್ಕಿ ಹತ್ತಡಿ ದೂರ ನಿಂತ ದಿನ

ನಾಯಿಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಮೊದಲ ವರ್ಷ ನಾನು ಮಾಡಿದ ಒಂದು ತಪ್ಪನ್ನು ಈಗಲೂ ಪ್ರತಿ ಹೊಸ ಮನೆಯಲ್ಲಿ ಹೇಳುತ್ತೇನೆ. ಹಗ್ಗ ಇಲ್ಲದೆ ನಾಯಿ ಬಿಡಬೇಕು ಅಂತ ಆಸೆ ಇರುವವರಲ್ಲಿ ತುಂಬಾ ಜನ ಅದೇ ತಪ್ಪು ಮಾಡುತ್ತಿರುತ್ತಾರೆ.

ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟ. ಯಜಮಾನರಿಗೆ ಮುಧೋಳ ನಾಯಿ ಅಂದ್ರೆ ಪ್ರಾಣ. 2005ರಲ್ಲಿ ಅಂಚೆ ಇಲಾಖೆ ತಂದ ಮುಧೋಳ ನಾಯಿಯ ಅಂಚೆಚೀಟಿಗೆ ಕಟ್ಟು ಹಾಕಿಸಿ ಹಜಾರದಲ್ಲಿ ಇಟ್ಟಿದ್ದರು. ಮುಧೋಳದ ಕಡೆಯಿಂದಲೇ ಮರಿ ತಂದು ಚುಕ್ಕಿ ಅಂತ ಹೆಸರಿಟ್ಟಿದ್ದರು. ನಾನು ಹೋದಾಗ ಅವಳಿಗೆ ಹತ್ತು ತಿಂಗಳು. "ತೋಟ ಸುತ್ತುವಾಗ ನನ್ನ ಜೊತೆ ಬಿಡಾಡಿಯಾಗಿ ಬರಬೇಕು ಕಣಪ್ಪಾ, ಕರೆದರೆ ಬರಬೇಕು. ಅಷ್ಟೇ" ಅಂದರು.

ಕಾಫಿ ಒಣಗಿಸುವ ಕಣದಲ್ಲಿ ಪಾಠ ಶುರು ಮಾಡಿದೆ. ಸುತ್ತ ಬೇಲಿ, ಒಳಗೆ ಖಾಲಿ ಜಾಗ. "ಚುಕ್ಕಿ, ಬಾ" ಅಂದರೆ ಬಾಣದ ಹಾಗೆ ಬರುತ್ತಿದ್ದಳು. ಮೂರು ವಾರಕ್ಕೇ ನನಗೆ ಧೈರ್ಯ ಬಂತು. ನಾಲ್ಕನೇ ವಾರ ತೋಟದೊಳಗೆ ಹೋಗಿ ಹಗ್ಗ ಬಿಚ್ಚಿದೆ.

ಐದು ನಿಮಿಷ ಆಗಿರಬಹುದು. ಪೊದೆಯಿಂದ ಒಂದು ಕಾಡುಕೋಳಿ ಎದ್ದು ಓಡಿತು. ಮುಧೋಳ ನಾಯಿ ಕಣ್ಣಿಂದ ಬೇಟೆಯಾಡುವ ಜಾತಿ, ಮೂಸಿ ಮೂಸಿ ನಿಧಾನಕ್ಕೆ ಹೋಗುವುದಲ್ಲ. ಓಡುವುದು ಕಣ್ಣಿಗೆ ಬಿದ್ದರೆ ಸಾಕು, ಕಿವಿ ಇದ್ದೂ ಇಲ್ಲದ ಹಾಗೆ. ನಾನು ಕರೆದೆ, ಯಜಮಾನರು ಕರೆದರು, ಕೊನೆಗೆ ತೋಟದ ಲೆಕ್ಕ ನೋಡುವ ರೈಟರ್, ಕೆಲಸದವರು ಎಲ್ಲರೂ ಸೇರಿ ಕೂಗಿದೆವು. ನಲವತ್ತು ನಿಮಿಷ ಬಿಟ್ಟು ಅವಳಾಗಿಯೇ ಬಂದಳು. ತೊಡೆ ಮೇಲೆ ಮುಳ್ಳುತಂತಿ ಗೀರಿ ರಕ್ತ. ಬಾಲ ಅಲ್ಲಾಡಿಸುತ್ತಾ ನೇರ ನಮ್ಮ ಹತ್ತಿರವೇ ಬಂದಳು. ಯಜಮಾನರು ಪಾಪ, ಹೆದರಿಹೋಗಿದ್ದರು. ಆ ಹೆದರಿಕೆಯಲ್ಲೇ ಎರಡೇಟು ಕೊಟ್ಟು ಎಳೆದುಕೊಂಡು ಹೋಗಿ ಕಟ್ಟಿಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬೇಡ ಸಾರ್ ಅನ್ನಬೇಕಿತ್ತು. ಅನ್ನಲಿಲ್ಲ.

ಮಾರನೇ ದಿನ ಅದೇ ಕಣದಲ್ಲಿ "ಬಾ" ಅಂದೆ. ಬಂದಳು. ಆದರೆ ಹತ್ತಡಿ ದೂರದಲ್ಲಿ ನಿಂತುಬಿಟ್ಟಳು. ಬಾಲ ಕೆಳಗೆ, ಮುಖ ಪಕ್ಕಕ್ಕೆ. ಒಂದು ಹೆಜ್ಜೆ ಮುಂದಿಟ್ಟರೆ ಅವಳು ಎರಡು ಹೆಜ್ಜೆ ಹಿಂದೆ.

ಆಗ ಅರ್ಥ ಆಯ್ತು. ನಲವತ್ತು ನಿಮಿಷದ ಹಿಂದೆ ಓಡಿಹೋಗಿದ್ದಕ್ಕೆ ಈಗ ಏಟು ಅಂತ ನಾಯಿಗೆ ಗೊತ್ತಾಗಲ್ಲ. ವಾಪಸ್ ಬಂದಿದ್ದಕ್ಕೆ ಏಟು ಬಿತ್ತು, ಅವಳ ಲೆಕ್ಕ ಇಷ್ಟೇ. ನನ್ನ ಮೂರು ವಾರದ ಪಾಠವನ್ನೂ ಹಿಂದೆ ತಿರುಗಿ ನೋಡಿದೆ. ದಿನಾ ಆಟ ಮುಗಿಸುವಾಗ "ಬಾ" ಅಂತಿದ್ದೆ, ಬಂದ ಕೂಡಲೇ ಚೈನ್ ಹಾಕುತ್ತಿದ್ದೆ. ಅಂದ್ರೆ ಕರೆದಾಗ ಬಂದರೆ ಖುಷಿ ಮುಗೀತು ಅಂತ ನಾನೇ ಕಲಿಸಿದ್ದೆ, ಅಲ್ವಾ?

"ಬಾ" ಅನ್ನುವ ಮಾತು ಕೆಟ್ಟಿತ್ತು, ಅದನ್ನು ಬಿಟ್ಟುಬಿಟ್ಟೆವು. ಬಸ್ ಕಂಡಕ್ಟರ್‌ಗಳು ಊದುವಂಥ ಒಂದು ಸೀಟಿ ತಂದೆ. ಮೊದಲ ವಾರ ಮನೆಯೊಳಗೇ. ಸೀಟಿ ಊದುವುದು, ಬೇಯಿಸಿದ ಕೋಳಿ ಲಿವರ್ ಒಂದು ಚೂರು ಬಾಯಿಗೆ ಇಡುವುದು. ಬೇರೇನೂ ಕೇಳುವ ಹಾಗಿಲ್ಲ. ಆಮೇಲೆ ಹತ್ತು ಮೀಟರ್ ಉದ್ದದ ಹಗ್ಗ. ಅದನ್ನು ಕೊರಳಪಟ್ಟಿಗೆ ಕಟ್ಟಲೇಬಾರದು, ಓಡಿ ಹಗ್ಗದ ತುದಿ ಮುಟ್ಟಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಬೇಕು. ನಿಮ್ಮ ಕೈಗೂ ಸುತ್ತಿಕೊಳ್ಳಬೇಡಿ, ನೈಲಾನ್ ಹಗ್ಗ ಆದರಂತೂ ಅಂಗೈ ಕಿತ್ತುಬರುತ್ತದೆ. ಬಂದ ಮೇಲೆ ಲಿವರ್ ಕೊಟ್ಟು, ಕೊರಳಪಟ್ಟಿಯನ್ನು ಒಂದು ಕ್ಷಣ ಮೆತ್ತಗೆ ಹಿಡಿದು, "ಹೋಗು" ಅಂತ ಬಿಟ್ಟುಬಿಡಬೇಕು. ಹತ್ತು ಸಲ ಕರೆದರೆ ಒಂಬತ್ತು ಸಲ ಮತ್ತೆ ಬಿಡಬೇಕು. ಇದೇ ಮುಖ್ಯ. ಲಿವರ್‌ಗಿಂತ ಆ "ಹೋಗು" ಅನ್ನುವುದೇ ನಾಯಿಗೆ ದೊಡ್ಡ ಬಹುಮಾನ.

ಇದನ್ನೆಲ್ಲ ನಾನು ಮಾಡಲಿಲ್ಲ, ಯಜಮಾನರ ಕೈಲೇ ಮಾಡಿಸಿದೆ. ಅಲ್ಲಿಯವರೆಗೆ ಅವಳಿಗೆ ಊಟ ಹಾಕುತ್ತಿದ್ದದ್ದು ಕೆಲಸದವರು, ಯಜಮಾನರು ಸಂಜೆ ತಲೆ ಸವರುತ್ತಿದ್ದರು ಅಷ್ಟೇ. ಊಟ, ಉಣ್ಣೆ ಹುಳ ತೆಗೆಯುವುದು, ಗಾಯಕ್ಕೆ ಔಷಧಿ ಎಲ್ಲ ಅವರ ಕೈಗೆ ಬಂತು. ದಿನಾ ಅರ್ಧ ಗಂಟೆ ಇಬ್ಬರೂ ಸುಮ್ನೆ ನಡೆಯಬೇಕು, ಕರೆಯಬಾರದು. ಅವಳಾಗಿಯೇ ತಿರುಗಿ ನೋಡಿದಾಗ ಮಾತ್ರ "ಭೇಷ್" ಅಂದು ಒಂದು ಚೂರು ಕೊಡಬೇಕು. ಮೊದಲ ದಿನ ಎರಡೇ ಸಲ ನೋಡಿದಳು. ಎರಡು ತಿಂಗಳಾದ ಮೇಲೆ ಇಪ್ಪತ್ತು ಹೆಜ್ಜೆಗೊಮ್ಮೆ ಎಲ್ಲಿದ್ದಾರೆ ಅಂತ ತಿರುಗಿ ನೋಡುತ್ತಿದ್ದಳು. ಹಗ್ಗ ಬಿಚ್ಚಬಹುದಾ ಅಂತ ನಾನು ಈಗ ನೋಡುವುದು ಇದನ್ನೇ. ಕಣದಲ್ಲಿ ಎಷ್ಟು ಜೋರಾಗಿ ಓಡಿ ಬರುತ್ತದೆ ಅನ್ನುವುದನ್ನಲ್ಲ.

ಇನ್ನೊಂದು, ಕರೆಯುವ ಹೊತ್ತು. ಬೇಟೆ ಕಣ್ಣಿಗೆ ಬಿದ್ದಾಗ ಓಡುವ ಮೊದಲು ನಾಯಿಯ ಕಿವಿ ನಿಮಿರುತ್ತದೆ, ಬಾಲ ಬಿಗಿಯಾಗುತ್ತದೆ, ಮುಂಗಾಲು ಒಂದು ಮೇಲೆ ನಿಲ್ಲುತ್ತದೆ. ಆ ಒಂದು ಸೆಕೆಂಡಲ್ಲೇ ಸೀಟಿ ಊದಬೇಕು. ಓಡಿದ ಮೇಲೆ ಕೂಗಿದರೆ ಕರೆ ಸವೆಯುತ್ತದೆ ಅಷ್ಟೇ. ಹಿಂದೆ ಅಟ್ಟಿಕೊಂಡೂ ಹೋಗಬೇಡಿ, ಅದಕ್ಕೆ ಅದು ಆಟ. ನೀವು ಉಲ್ಟಾ ದಿಕ್ಕಿಗೆ ಓಡಿ.

ಎಲ್ಲಾ ಕಡೆ ಬಿಡುವುದೂ ಸರಿಯಲ್ಲ. ಮಲೆನಾಡಲ್ಲಿ ಮುಸ್ಸಂಜೆ, ಬೆಳಗಿನ ಜಾವ ಬೇಡವೇ ಬೇಡ, ಚಿರತೆಗೆ ನಾಯಿ ಸುಲಭದ ಬೇಟೆ. ಕಾಡಂಚಲ್ಲಿ ಬಿಟ್ಟರೆ ಅಲ್ಲಿನ ಪ್ರಾಣಿಗಳಿಗೂ ತೊಂದರೆ. ಬೆಂಗಳೂರಿನ ಪಾರ್ಕು, ರಸ್ತೆಗಳಲ್ಲಿ ಚೈನ್ ಇರಲೇಬೇಕು. ನಾಯಿ ಅಂದ್ರೆ ನಡುಗುವ ಮಗು ಎದುರಿಗೆ ಬಂದಾಗ "ನಮ್ಮದು ಏನೂ ಮಾಡಲ್ಲ" ಅನ್ನುವ ಮಾತು ಆ ಮಗುವಿನ ಕಿವಿಗೆ ಬೀಳಲ್ಲ. ದೀಪಾವಳಿ ವಾರ ಪೂರ್ತಿ ಹಗ್ಗ. ರೇಬೀಸ್ ಲಸಿಕೆ, ಕೊರಳಲ್ಲಿ ಫೋನ್ ನಂಬರ್ ಇಲ್ಲದೆ ನಾನು ಪಾಠವನ್ನೇ ಶುರು ಮಾಡಲ್ಲ. ಕೆಲವು ನಾಯಿಗಳನ್ನು ಎಂದೂ ಬಿಡಬೇಡಿ ಅಂತಲೂ ಹೇಳಿದ್ದೇನೆ. ಉದ್ದ ಹಗ್ಗದಲ್ಲೂ ಅವು ಖುಷಿಯಾಗೇ ಇವೆ.

ಐದನೇ ತಿಂಗಳು ಚುಕ್ಕಿಯ ಹಗ್ಗ ಬಿಚ್ಚಿದೆವು. ಎರಡನೇ ವಾರ ಮತ್ತೆ ಒಂದು ಕಾಡುಕೋಳಿ. ಅವಳ ಮುಂಗಾಲು ಮೇಲೆದ್ದಿತು, ಯಜಮಾನರು ಸೀಟಿ ಊದಿದರು. ಅರೆಗಳಿಗೆ ಅತ್ತ ಇತ್ತ ನೋಡಿದಳು. ಆಮೇಲೆ ಪೂರ್ತಿ ತಿರುಗಿ ಓಡಿ ಬಂದು ಅವರ ಮೊಣಕಾಲಿಗೆ ಡಿಕ್ಕಿ ಹೊಡೆದಳು. ಅವರು ಅಲ್ಲೇ ನೆಲದ ಮೇಲೆ ಕೂತು ಚೀಲದಲ್ಲಿದ್ದ ಲಿವರ್ ಪೂರ್ತಿ ತಿನ್ನಿಸಿದರು. ಕೊರಳಪಟ್ಟಿಗೆ ಕೈ ಹಾಕಿದಾಗ ಅವಳು ಹಿಂದೆ ಸರಿಯಲಿಲ್ಲ, ಕುತ್ತಿಗೆಯನ್ನು ಅವರ ಅಂಗೈಗೆ ಒತ್ತಿ ನಿಂತಳು. ಅವರು ಕಣ್ಣೊರೆಸಿಕೊಂಡು "ಹೋಗಮ್ಮಾ" ಅಂತ ಮತ್ತೆ ಬಿಟ್ಟರು.